ಏಳು ನಿಮಿಷದ ನಿಲುಗಡೆ

ಹಲ್ ಪಟ್ಟಣದ ಬಡಗಣ ಅಂಚಿನಲ್ಲಿ,
ನನ್ನ ಬಸ್ಸಿನ ಕೊನೆಯ ಸ್ಟಾಪಿನಲ್ಲಿ,
ಎಂಜಿನ್ ಆರಿಸಿದರೆ ಸಿಗುವುದು ಏಳು ನಿಮಿಷ.
ಐದು ಓದಿಗೆ, ಒಂದು ಚಹಾಕ್ಕೆ,
ಉಳಿದ ಒಂದು, ಓದಿದ್ದರ ಮೇಲೆ ಸಿಟ್ಟಾಗುವುದಕ್ಕೆ.

ಹನ್ನೊಂದು ವರ್ಷ ಹೀಗೇ ಓದಿದ್ದೇನೆ
ದಪ್ಪ ದಪ್ಪ ಕಾದಂಬರಿಗಳನ್ನು,
ಕಟಕು ರೊಟ್ಟಿ ಮುರಿಮುರಿದು ತಿನ್ನುವವಳ ಹಾಗೆ.
ಪುಟದ ಗುರುತಿಗೆ ಯಾರೋ ಬಿಟ್ಟುಹೋದ ಟಿಕೆಟ್ಟು.

ಮೊದಲು ಕೈಗೆ ಹತ್ತಿದ್ದು ಕೊಲೆಯ ಕಥೆ.
ಹದಿನಾಲ್ಕು ಕೋಣೆಯ ಬಂಗಲೆ, ಎಲ್ಲರ ಮೇಲೂ ಅನುಮಾನ.
ಕೊಂದವರಾರೆಂಬ ಚಿಂತೆ ನನಗಂತೂ ಹತ್ತಲಿಲ್ಲ.
ಸತ್ತವನ ನಾಯಿಯನ್ನು ಮೂರನೇ ಅಧ್ಯಾಯದಲ್ಲಿ
ನೆಲಮಾಳಿಗೆಗೆ ನೂಕಿ ಚಿಲಕ ಹಾಕಿದ್ದರು.
ಮುನ್ನೂರು ಪುಟ ಕಳೆದರೂ ಯಾರೂ ತೆಗೆಯಲಿಲ್ಲ.
ಕೊಲೆಗಾರ ಸಿಕ್ಕ. ಎಲ್ಲರೂ ಊಟಕ್ಕೆ ಕೂತರು.
ಲೇಖಕನೇ, ನಾಯಿ?

ಆಮೇಲೊಂದು ಪ್ರೇಮದ್ದು, ಆರುನೂರು ಪುಟ.
ಒಬ್ಬರಾದರೂ ಒಂದು ದಿನ ಕೆಲಸಕ್ಕೆ ಹೋಗಬೇಡವೇ!
‘ಮನೆ ಬಾಡಿಗೆ ಯಾರು ಕಟ್ಟಿದರು’ ಎಂದು
ಪೆನ್ಸಿಲಿನಲ್ಲಿ ಅಂಚಿಗೆ ಗೀಚಿ,
ಲೈಬ್ರರಿಯದೆಂದು ನೆನಪಾಗಿ ಬೆರಳಲ್ಲೇ ಉಜ್ಜಿದೆ.
ಆದರೆ ಅವಳು ಅವನ ಮನೆಯಲ್ಲಿ
ಬೇಕೆಂದೇ ಒಂದೇ ಒಂದು ಕೈಗವಸು ಮರೆತು ಬರುತ್ತಾಳಲ್ಲ,
ಆ ಸಾಲಿಗೆ ಬಸ್ಸು ಎರಡು ನಿಮಿಷ ತಡ.
ಸುಳ್ಳೇಕೆ ಹೇಳಲಿ.

ಕಡಲಿನ ಕಾದಂಬರಿ ಬಂದಾಗ
ಮುಂದಿನ ಸೀಟಿನಲ್ಲಿ ಕ್ಲಿಫರ್ಡ್ ಇದ್ದ.
ಐಸ್‌ಲ್ಯಾಂಡಿನ ತನಕ ಮೀನಿಗೆ ಹೋಗಿ ಬಂದ ಮುದುಕ,
ಎಡಗೈಯಲ್ಲಿ ಮೂರೇ ಬೆರಳು.
ಸಿಂಹಗಳಂತೆ ಗರ್ಜಿಸುವ ಅಲೆಗಳನ್ನು
ಅವನಿಗೆ ಗಟ್ಟಿಯಾಗಿ ಓದಿ ಹೇಳಿದೆ.
“ಬಿರುಗಾಳಿಯಲ್ಲಿ ಅಲೆ ಯಾರಿಗೆ ಕಾಣುತ್ತದೆ ಕಣಮ್ಮಾ,
ಹಗ್ಗಕ್ಕೆ ಹಿಡಿದ ಹಿಮ ಒಡೆಯುತ್ತಿರುತ್ತೇವೆ.
ಕಾಣುವುದು ನಮ್ಮ ಕೈ ಅಷ್ಟೇ.”
ಮಾರನೆಯ ದಿನದಿಂದ ಆ ಪುಸ್ತಕದ ಸಿಂಹಗಳು
ಬಾಯಿ ತೆರೆಯುತ್ತಿದ್ದವು, ದನಿಯಿಲ್ಲ.
ಅರ್ಧಕ್ಕೇ ಹಿಂದಿರುಗಿಸಿದೆ.

ಬಸ್ ಡ್ರೈವರನ ಕುರಿತೂ ಒಬ್ಬ ಬರೆದಿದ್ದಾನೆ.
ಬೆನ್ನ ಮೇಲೆ ಹೊಗಳಿಕೆಯೋ ಹೊಗಳಿಕೆ.
ಅವನ ನಾಯಕ ಗಾಜಿನಾಚೆ ನೋಡುತ್ತಾನೆ,
ಇರವಿನ ಅರ್ಥ ಹುಡುಕುತ್ತಾನೆ,
ಸಿಗ್ನಲ್ಲಿನ ಕೆಂಪಿನಲ್ಲಿ ಸಾವನ್ನು ಕಾಣುತ್ತಾನೆ,
ನಾನೂರು ಪುಟದಲ್ಲಿ ಒಮ್ಮೆಯೂ
ಅವನಿಗೆ ಒಂದಕ್ಕೆ ಅವಸರವಾಗುವುದಿಲ್ಲ.
ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಅಂದವರೇ
ಇದಕ್ಕೆ ಬಹುಮಾನ ಕೊಟ್ಟಿರಬೇಕು.

ಗದುಗಿನಿಂದ ಅಕ್ಕ ನಾಗರತ್ನವ್ವ
ಒಂದು ಕನ್ನಡ ಕಾದಂಬರಿ ಕಳಿಸಿದಳು.
ಅದರಲ್ಲಿ ಪರದೇಶದಿಂದ ಬಂದವಳು
ಇಳಿದವಳೇ ಮಣ್ಣು ಮುಟ್ಟಿ ಅಳುತ್ತಾಳೆ.
ನಾನು ಹೋದಾಗ ಮೊದಲು ಮುಟ್ಟಿದ್ದು
ಸ್ವಿಚ್ಚು. ಕರೆಂಟಿದೆಯೋ ಎಂದು.
ನಕ್ಕು ಪುಟ ಮಗುಚಿದೆ, ಅಲ್ಲೊಂದು ಪದ: ಕಸಿವಿಸಿ.
ಅದಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಹೆಸರು ಸಿಗದೆ
ಇಷ್ಟು ವರ್ಷ ನನಗೆ
ಕಸಿವಿಸಿಯೇ ಆಗಿರಲಿಲ್ಲವೇನೋ.
ಅಂದು ಸಂಜೆಯವರೆಗೂ ಆಯಿತು.

ಇನ್ನೊಂದು ತೆಳ್ಳಗಿನದು. ಹೆಸರು ಹೇಳಲಾರೆ.
ಒಬ್ಬ ತಾಯಿ ರೈಲು ನಿಲ್ದಾಣದ ಬೆಂಚಿನ ಮೇಲೆ
ಮಗಳ ಕೈಗೆ ಕಿತ್ತಳೆ ಹಣ್ಣು ಕೊಟ್ಟು
‘ಸಿಪ್ಪೆ ಸುಲಿಯುವಷ್ಟರಲ್ಲಿ ಬಂದೆ’ ಅನ್ನುತ್ತಾಳೆ.
ಹುಡುಗಿ ನಿಧಾನವಾಗಿ ಸುಲಿಯುತ್ತಾಳೆ.
ಬಹಳ ನಿಧಾನವಾಗಿ.

ಬಾಗಿಲಾಚೆ ತಳ್ಳುಗಾಡಿ ಹಿಡಿದ ಮುದುಕಿ,
ಅವಳ ಹಿಂದೆ ಶಾಲೆಯ ಇಬ್ಬರು ಹುಡುಗರು,
ಕ್ಲಿಫರ್ಡ್, ಮೂರು ಬೆರಳಿಂದ ಗಾಜು ಬಡಿಯುತ್ತಾ.
ದಿನಕ್ಕೆ ನೂರು ಸಲ ಒತ್ತುವ ಗುಂಡಿ
ನನ್ನ ಕೈಗೆ ಸಿಗಲಿಲ್ಲ.
ಕಾರಣ ಕೇಳಬೇಡಿ.
ಅದು ಆ ಪುಸ್ತಕದಲ್ಲಿ ಇರಲಿಲ್ಲ.

“ಇವತ್ತು ಯಾವ ಕಥೆ?” ಎಂದ ಕ್ಲಿಫರ್ಡ್ ಹತ್ತುತ್ತಾ.
“ಕೂತುಕೋ” ಎಂದೆ.
ಎಂಟು ಮೂವತ್ತಾರರ ಬಸ್ಸು ಹೊರಟಿದ್ದು ಎಂಟು ನಲವತ್ತಕ್ಕೆ.
ಡಿಪೋದಲ್ಲಿ ವಿಳಂಬಕ್ಕೆ ಕಾರಣ ಎಂಬ ಖಾನೆಯೊಳಗೆ
‘ಮಂಜು’ ಎಂದು ಬರೆದು ಸಹಿ ಹಾಕಿದೆ.
ಅವತ್ತು ಬಿಸಿಲು
ಹಂಬರ್ ನದಿಯ ಆಚೆ ದಡದ ತನಕ
ನಿಚ್ಚಳವಾಗಿತ್ತು.